ನಾಯಿಗೊಂದು ಏಕಾದಶಿ

ನಮ್ಮ ಮೇಲಿನ ಮನೆಯವರು ನಾಯಿಗೆ ಸ್ವೆಟರ್ ಹಾಕಿದ್ದಾರೆ. ಊರು ಯಾವುದು ಅಂತೀರಾ? ಮದ್ರಾಸು! ಸಂಕ್ರಾಂತಿಯ ಹೊತ್ತಿಗೂ ಫ್ಯಾನು ನಿಲ್ಲಿಸಿದರೆ ಬೆನ್ನಿನಲ್ಲಿ ನೀರಿಳಿಯುವ ಈ ಊರಿನಲ್ಲಿ ಕೆಂಪು ಉಣ್ಣೆಯ ಸ್ವೆಟರ್, ಅದರ ಮೇಲೆ ಬಿಳಿ ಹೂವಿನ ಕಸೂತಿ ಬೇರೆ. ನಿನ್ನೆ ಲಿಫ್ಟಿನಲ್ಲಿ ಸಿಕ್ಕಿತು. ಮೊಳದುದ್ದ ನಾಲಿಗೆ ಇಳಿಬಿಟ್ಟುಕೊಂಡು ಏದುಸಿರು ಬಿಡುತ್ತಿತ್ತು. "ಪಾಪ, ಸೆಖೆ ಆಗ್ತಿರಬೇಕಮ್ಮ ಅದಕ್ಕೆ" ಎಂದೆ. ಒಡತಿ ನನ್ನನ್ನು ಕಾಡಿನಿಂದ ಬಂದವಳ ಹಾಗೆ ನೋಡಿ, "ಅದು ಅನ್ಬೇಡಿ ಆಂಟಿ, ಇವಳು ನನ್ನ ಬೇಬಿ" ಎಂದಳು. ಬೇಬಿಯಂತೆ! ಬೇಬಿ ಆದಮೇಲೆ ಸೆಖೆ ಆಗುವುದಿಲ್ಲ ಎಂದು ಇವಳಿಗೆ ಹೇಳಿದವರು ಯಾರೋ.

ನೋಡಿ, ನನಗೆ ನಾಯಿಗಳ ಮೇಲೆ ಸಿಟ್ಟಿಲ್ಲ. ನಾಯಿ ಸಾಕುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ. ನಾನು ಮದುವೆಯಾಗಿ ಈ ಊರಿಗೆ ಬಂದ ಕಾಲದಲ್ಲಿ ಮನೆಗೊಂದು ಬಿಳಿ ಪೊಮೆರೇನಿಯನ್ ಇತ್ತು. ಬೆಂಕಿಪೊಟ್ಟಣದಂಥ ಮನೆಗಳ ಬಾಲ್ಕನಿಯಲ್ಲಿ ನಿಂತು ಹಾಲಿನವನಿಗೂ ಬೊಗಳು, ಚಂದ್ರನಿಗೂ ಬೊಗಳು. ಆಮೇಲೆ ಟೀವಿಯ ಯಾವುದೋ ಜಾಹೀರಾತಿನಲ್ಲಿ ಮೂತಿ ಜಜ್ಜಿದ ಸಣ್ಣ ನಾಯಿಯೊಂದು ಬಂದದ್ದೇ ತಡ, ಎಲ್ಲರಿಗೂ ಅದೇ ಬೇಕು. ಪೊಮೆರೇನಿಯನ್ನುಗಳು ಎಲ್ಲಿ ಹೋದವು ಎಂದು ಯಾರೂ ಕೇಳಲಿಲ್ಲ. ನಾನು ಬಲ್ಲೆ ಎಲ್ಲಿ ಹೋದವೆಂದು. ಎಣ್ಣೂರಿನ ದಾರಿಯಲ್ಲಿ ಬೀಡಾಡಿ ನಾಯಿಗಳನ್ನು ಇಟ್ಟುಕೊಂಡಿದ್ದ ಒಂದು ಆಶ್ರಯದಲ್ಲಿ, ತಗಡಿನ ಸೂರಿನ ಕೆಳಗೆ, ಆ ಬಿಳಿ ಸುಂದರಿಯರು ಕೂದಲು ಗಂಟುಗಟ್ಟಿಕೊಂಡು ಸಾಲಾಗಿ ಕೂತಿದ್ದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಎಲ್ಲರೂ ಒಂದು ಕಾಲದಲ್ಲಿ ಯಾರದೋ ಬೇಬಿಯೇ.

ನಾನು ಹುಟ್ಟಿ ಬೆಳೆದ ಅರಸೀಕೆರೆಯಲ್ಲಿ ನಾಯಿಯನ್ನು ಯಾರೂ ಸಾಕುತ್ತಿರಲಿಲ್ಲ. ನಾಯಿಯೇ ಒಂದು ಮನೆಯನ್ನು ಆರಿಸಿಕೊಂಡು ಅದನ್ನು ಸಾಕುತ್ತಿತ್ತು. ಅಪ್ಪ ಸ್ಟೇಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತೆ. ನಮ್ಮನ್ನು ಸಾಕುತ್ತಿದ್ದ ನಾಯಿಯ ಹೆಸರು ಪ್ಯಾಸೆಂಜರ್. ಬೆಳಗಿನ ಗಾಡಿಯ ಹೊತ್ತಿಗೆ ಪ್ಲಾಟ್‌ಫಾರ್ಮಿನಲ್ಲಿ ವಡೆ, ಮಧ್ಯಾಹ್ನ ನಮ್ಮ ಕ್ವಾರ್ಟರ್ಸಿನ ಹಿತ್ತಲಲ್ಲಿ ಸಾರನ್ನ, ಸಂಜೆ ಸ್ಟೇಷನ್ ಮಾಸ್ಟರ ಮನೆಯಲ್ಲಿ ಏನೋ ನಮಗೆ ಹೇಳಬಾರದ ಊಟ. ಅದಕ್ಕೆ ಯಾರೂ ಬೆಲ್ಟು ಕಟ್ಟಲಿಲ್ಲ, ಯಾರೂ ಮುದ್ದಿಸಲಿಲ್ಲ. ಅಮ್ಮ ಅನ್ನ ಸುರಿಯುವಾಗ "ತಿನ್ನು, ನಿನ್ನ ಹೊಟ್ಟೆಗಿಷ್ಟು ಬೆಂಕಿ ಹಾಕ" ಎಂದು ಬೈಯುತ್ತಿದ್ದಳು, ಆದರೆ ಒಂದು ದಿನವೂ ಸುರಿಯುವುದನ್ನು ಮರೆಯಲಿಲ್ಲ. ಈಗಿನವರು ಮುತ್ತು ಕೊಡುತ್ತಾರೆ, ಮನೆ ಬದಲಾಯಿಸುವಾಗ ಗೇಟಿನ ಹೊರಗೆ ಬಿಟ್ಟು ಹೋಗುತ್ತಾರೆ.

ಇಂಥ ಬಾಯಿಯವಳಾದ ನಾನು ಒಂದು ಕಾಲದಲ್ಲಿ ನಾಯಿ ಸಾಕಿದೆ. ನಗಬೇಡಿ. ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ವರ್ಷಗಳಾಗಿದ್ದವು. ಅಂಬತ್ತೂರಿನಲ್ಲಿ ನೆಲದ ಅಂತಸ್ತಿನ ಒಂದು ಬಾಡಿಗೆ ಮನೆ. ನಾನು ವಿಮೆ ಕಂಪೆನಿಯಲ್ಲಿ, ನಮ್ಮ ಮನೆಯವರು ತ್ರಿಪ್ಲಿಕೇನಿನ ಕಡೆ ಬ್ಯಾಂಕಿನಲ್ಲಿ. ಮಗಳು ವಿದ್ಯಾ ಆರನೆಯ ಕ್ಲಾಸು. ಮತ್ತೆ ಅತ್ತೆ. ಮಾವ ತೀರಿಕೊಂಡ ಮೇಲೆ ನಂಜನಗೂಡಿನಿಂದ ಸಾಲಿಗ್ರಾಮದ ಸಂಪುಟ, ಒಂದು ಹಿತ್ತಾಳೆ ತಂಬಿಗೆ, ಎರಡು ಮಡಿ ಸೀರೆ ಮತ್ತು ಸಮಸ್ತ ಶಾಸ್ತ್ರಗಳೊಂದಿಗೆ ನಮ್ಮಲ್ಲಿಗೆ ಬಂದವರು. ಅತ್ತೆ ಜನ್ಮದಲ್ಲಿ ಹೋಟೆಲಿನ ಮೆಟ್ಟಿಲು ಹತ್ತಿದವರಲ್ಲ. ನನ್ನ ಅಕ್ಕ ಅತ್ತೆಯಷ್ಟೇ ಮಡಿಯವಳು, ಅವಳ ಮನೆಯಲ್ಲೂ ಇವರು ಒಂದು ಲೋಟ ಕಾಫಿ ಕುಡಿಯಲಿಲ್ಲ. ಬೇರೆಯವರ ಕೈಯ ಅನ್ನವೆಂದರೆ ಅವರಿಗೆ ಅನ್ನವೇ ಅಲ್ಲ.

ನಾಯಿ ಬೇಕೆಂದವಳು ವಿದ್ಯಾ. ಶಾಲೆಯವರು ಮಕ್ಕಳನ್ನೆಲ್ಲ ಬಸ್ಸಿಗೆ ತುಂಬಿ ಆ ಎಣ್ಣೂರಿನ ಆಶ್ರಯಕ್ಕೆ ಕರೆದುಕೊಂಡು ಹೋಗಿದ್ದರು. ಮಕ್ಕಳಲ್ಲಿ ಕರುಣೆ ಬೆಳೆಯಲಿ ಎಂದು. ಕರುಣೆ ಬೆಳೆಸುವುದು ಅವರ ಕೆಲಸ, ಬೆಳೆದ ಕರುಣೆಗೆ ಅನ್ನ ಹಾಕುವುದು ನಮ್ಮ ಕೆಲಸ! ಅಲ್ಲೊಂದು ಕಂದು ಬಣ್ಣದ ಮರಿ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತು, ಇವಳ ಪಾವಡೆಯ ಅಂಚು ಹಿಡಿದು ಬಿಡಲೇ ಇಲ್ಲವಂತೆ. ಮನೆಗೆ ಬಂದು ತಮಿಳಿನಲ್ಲಿ ಅತ್ತಳು, ತಮಿಳಿನಲ್ಲಿ ಊಟ ಬಿಟ್ಟಳು. ಅವಳಿಗೆ ನಮ್ಮ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲೇ. ಅವರಪ್ಪ ಎರಡನೆಯ ಹೊತ್ತಿಗೇ ಸೋತರು. ಈ ಮನುಷ್ಯ ಬ್ಯಾಂಕಿನಲ್ಲಿ ಜನರಿಗೆ ಸಾಲ ಇಲ್ಲ ಎಂದು ಹೇಗೆ ಹೇಳುತ್ತಾರೋ ನನಗೆ ಇಂದಿಗೂ ಗೊತ್ತಿಲ್ಲ.

ಹೋಗಿ ಕೇಳಿದ ತಕ್ಷಣ ಕೊಟ್ಟುಬಿಡುತ್ತಾರೆ ಎಂದುಕೊಂಡಿರಾ? ಬೀದಿಯಲ್ಲಿ ಬಿದ್ದಿದ್ದ ನಾಯಿ ತಾನೇ ಎಂದು ನಾನೂ ಹಾಗೇ ಅಂದುಕೊಂಡಿದ್ದೆ. ಇಲ್ಲ, ಮೊದಲು ಅವರು ಬಂದು ನಮ್ಮ ಮನೆಯನ್ನು ನೋಡಬೇಕಂತೆ. ಆಶ್ರಯ ನಡೆಸುತ್ತಿದ್ದ ವಸಂತಾ ಮೇಡಂ ಒಂದು ಭಾನುವಾರ ಬಂದಿಳಿದರು. ಗಂಡಸರ ಹಾಗೆ ಕತ್ತರಿಸಿದ ನರೆಗೂದಲು, ಕೈಮಗ್ಗದ ಸೀರೆ, ಸೀರೆಯ ತುಂಬ ನಾಯಿಯ ಕೂದಲು. ಮನೆಗೆ ಯಾರಾದರೂ ನೋಡಲು ಬರುತ್ತಾರೆಂದರೆ ನಮ್ಮ ಕಡೆಯ ಹೆಂಗಸರಿಗೆ ಗೊತ್ತಿರುವುದು ಒಂದೇ. ಉಪ್ಪಿಟ್ಟು, ಕೇಸರಿಬಾತು ಮಾಡಿಟ್ಟಿದ್ದೆ. ವಿದ್ಯಾಳಿಗೆ ರೇಷ್ಮೆ ಲಂಗ ಉಡಿಸಿ ಜಡೆಗೆ ಮಲ್ಲಿಗೆ ಮುಡಿಸಿದ್ದೆ. ಮೇಡಂ ಕೇಸರಿಬಾತಿನ ಕಡೆ ತಿರುಗಿಯೂ ನೋಡದೆ ಗೇಟಿನ ಸರಳುಗಳ ನಡುವೆ ತಮ್ಮ ಮುಷ್ಟಿ ತೂರಿಸಿ ನೋಡಿದರು. ಹಗಲು ಮನೆಯಲ್ಲಿ ಯಾರಿರುತ್ತಾರೆ? ಬಾಗಿಲು ತೆರೆದಿಡುವ ಅಭ್ಯಾಸ ಇದೆಯೇ? ನಾಳೆ ಟ್ರಾನ್ಸ್‌ಫರ್ ಆದರೆ ಇವಳನ್ನು ಏನು ಮಾಡುತ್ತೀರಿ? ನನ್ನ ಮದುವೆಯ ಮಾತುಕತೆಯಲ್ಲಿ ನಮ್ಮಪ್ಪ ಇವರನ್ನು ಇದರ ಅರ್ಧದಷ್ಟು ಪ್ರಶ್ನೆ ಕೇಳಿದ್ದರೂ ನನ್ನ ಜೀವನ ಬೇರೆಯಾಗಿರುತ್ತಿತ್ತು.

ಮೊಟ್ಟೆಯ ಮಾತು ಬಂದಾಗ ಮಾತ್ರ ಮನೆ ತಣ್ಣಗಾಯಿತು. ಬೆಳೆಯುವ ಮರಿಗೆ ಮೊಟ್ಟೆಯಾದರೂ ಬೇಕೇ ಬೇಕು ಎಂದರು ಮೇಡಂ. ನಮ್ಮ ಮನೆಯವರು ಧ್ವನಿ ತಗ್ಗಿಸಿ, ಸಂಜೆ ವಾಕಿಂಗಿಗೆ ಕರೆದುಕೊಂಡು ಹೋದಾಗ ಮೂಲೆಯ ಅಂಗಡಿಯಲ್ಲಿ ಬೇಯಿಸಿದ ಮೊಟ್ಟೆ ತಿನ್ನಿಸುತ್ತೇನೆ ಎಂದು ಒಪ್ಪಿಕೊಂಡರು. ಅತ್ತೆ ದೇವರ ಮನೆಯ ಬಾಗಿಲಲ್ಲಿ ಕೂತು ಹೂಬತ್ತಿ ಹೊಸೆಯುತ್ತ, "ಹೊರಗಿನ ವ್ಯವಹಾರ ನಂಗೆ ಹೇಳಬೇಡ್ರೋ" ಎಂದು ಗೋಡೆಗೆ ಹೇಳಿದರು. ಹೊರಡುವಾಗ ಮೇಡಂ ನಮ್ಮನ್ನೆಲ್ಲ ನಿಲ್ಲಿಸಿಕೊಂಡು ತಮಿಳಿನಲ್ಲಿ ಒಂದು ಭಾಷಣ ಮಾಡಿದರು. ಇವಳನ್ನು ನಾಯಿ ಎಂದು ನೋಡಬಾರದು, ಮನೆ ಮಗಳ ಹಾಗೆ ನೋಡಿಕೊಳ್ಳಬೇಕು, ಒಂದು ವರ್ಷದವರೆಗೆ ಹೇಳದೆ ಕೇಳದೆ ಬಂದು ನೋಡುತ್ತೇನೆ, ಸರಿಯಿಲ್ಲದಿದ್ದರೆ ಅಲ್ಲಿಂದಲೇ ವಾಪಸ್ಸು ಕರೆದುಕೊಂಡು ಹೋಗುತ್ತೇನೆ. "ಏನಂತಾಳೋ ಆಯಮ್ಮ?" ಎಂದರು ಅತ್ತೆ. ಮಗ ಕನ್ನಡದಲ್ಲಿ ಹೇಳಿದರು. ಅತ್ತೆ ಬತ್ತಿ ಕೆಳಗಿಟ್ಟು, ಗಂಭೀರವಾಗಿ ತಲೆಯಾಡಿಸಿ, "ಹಾಗೇ ಆಗ್ಲಿ" ಎಂದರು. ನಮ್ಮತ್ತೆ ಕೊಟ್ಟ ಮಾತನ್ನು ಅಕ್ಷರಕ್ಕೆ ಅಕ್ಷರ ನಡೆಸುವವರು ಎಂಬುದು ಆ ಕ್ಷಣದಲ್ಲಿ ಯಾರಿಗೂ ಹೊಳೆಯಲಿಲ್ಲ.

ಮರಿ ಬಂತು. ಎಂಟು ತಿಂಗಳಿರಬಹುದು ಎಂದು ಹಲ್ಲು ನೋಡಿ ಹೇಳಿದ್ದರು. ಆಶ್ರಯದಲ್ಲಿ ಇಟ್ಟ ಹೆಸರು ಏಂಜಲ್. ಮಗಳು ಪ್ರಿನ್ಸೆಸ್ ಎಂದು ಬದಲಾಯಿಸಿದಳು. ತಿಪ್ಪೆಯಲ್ಲಿ ಹುಟ್ಟಿದ ಜೀವಕ್ಕೆ ಎಂಥೆಂಥ ಪದವಿ! ಅತ್ತೆಗೆ ಎರಡೂ ಹೆಸರು ಬಾಯಿಗೆ ಹತ್ತಲಿಲ್ಲ. ದೇವರ ಹೆಸರಿಡಲು ಮನಸ್ಸಿಲ್ಲ. ನಂಜನಗೂಡಿನಲ್ಲಿ ಮಾವ ಅವರನ್ನು ಕರೆಯುತ್ತಿದ್ದ ಹಾಗೆ "ಲೇ ಇವಳೇ" ಎಂದರು. ಮರಿ ಬಾಲ ಅಲ್ಲಾಡಿಸಿತು. ಅಲ್ಲಿಗೆ ಅದರ ನಾಮಕರಣ ಮುಗಿಯಿತು. ಅಡಿಗೆಮನೆಯ ಹೊಸ್ತಿಲು ದಾಟಬಾರದು ಎಂದು ಅತ್ತೆ ಒಂದೇ ಸಲ ಬೆರಳು ತೋರಿಸಿ ಹೇಳಿದರು, ಅದು ಮತ್ತೆ ದಾಟಲಿಲ್ಲ. ಅವರ ಮಗನಿಗೆ ನಲವತ್ತು ದಾಟಿದ್ದರೂ ಹೊರಗಿಂದ ಬಂದು ಕಾಲು ತೊಳೆಯದೆ ಒಳಗೆ ನುಗ್ಗುವ ಚಾಳಿ ಬಿಟ್ಟಿರಲಿಲ್ಲ.

ಒಂದು ಮಾತು ಹೇಳಬೇಕು. ಆ ಮನೆಯಲ್ಲಿ ಅತ್ತೆಯ ಜೊತೆ ಮಾತಾಡುವವರು ಯಾರಿದ್ದರು? ನಾವಿಬ್ಬರೂ ಬೆಳಗಿನ ಲೋಕಲ್ ಹಿಡಿದರೆ ದೀಪ ಹಚ್ಚುವ ಹೊತ್ತಿಗೆ ಹೆಣವಾಗಿ ಬರುತ್ತಿದ್ದೆವು. ಅಕ್ಕಪಕ್ಕದವರೆಲ್ಲ ತಮಿಳು, ಅತ್ತೆಗೆ ಅದು ಅರೆಬರೆ ಅರ್ಥವಾಗುತ್ತಿತ್ತೇ ಹೊರತು ಆಡಲು ಬರುತ್ತಿರಲಿಲ್ಲ. ಮೊಮ್ಮಗಳನ್ನು "ಊಟ ಆಯ್ತೇನೇ?" ಎಂದರೆ "ಆಚ್ಚು ಪಾಟಿ", ಆಯ್ತು ಅಜ್ಜಿ ಎಂದು, ಪುಸ್ತಕದಿಂದ ತಲೆಯೆತ್ತದೆ ಹೇಳುತ್ತಿದ್ದಳು. ಈಗ ಮಧ್ಯಾಹ್ನವೆಲ್ಲ ಅತ್ತೆ ಜಗಲಿಯಲ್ಲಿ, ಇವಳು ಅವರ ಎದುರಿಗೆ. ನಂಜನಗೂಡಿನ ಇಡೀ ಬೀದಿಯ ಕತೆ ಆ ನಾಯಿಗೆ ಬಾಯಿಪಾಠವಾಯಿತು. ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡು ಊಟಕ್ಕೆ ಏಳಲಿಲ್ಲ, ಯಾರ ಸೊಸೆ ಹುಳಿಗೆ ಬೆಲ್ಲ ಸುರಿದಳು, ಎಲ್ಲ. "ಕೇಳಿದ್ಯೇನೇ ಇವಳೇ?" ಎಂದರೆ ಆ ನೆಟ್ಟಗಿನ ಕಿವಿ ಒಮ್ಮೆ ಅಲ್ಲಾಡುತ್ತಿತ್ತು. ನನ್ನ ಬಗ್ಗೆಯೂ ಬೇಕಾದಷ್ಟು ಹೇಳಿರುತ್ತಾರೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಏಕೆಂದರೆ ಆಫೀಸಿನಿಂದ ಬಂದಾಗ ನಾಯಿ ನನ್ನನ್ನು ಒಂದು ತರಹ ನೋಡುತ್ತಿತ್ತು. ಆದರೆ ಅತ್ತೆ ರಾತ್ರಿ ಗೋಡೆ ಕಡೆ ಮುಖ ಮಾಡಿ ನಿಟ್ಟುಸಿರು ಬಿಡುವುದು ನಿಂತಿತ್ತು. ಅಷ್ಟು ಸಾಕಲ್ಲ.

ಹೀಗಿರುವಾಗ ನಮ್ಮ ಮನೆಯವರು ತಮ್ಮ ಜ್ಞಾನ ಪ್ರದರ್ಶನ ಮಾಡಿದರು. ಪೇಪರಿನ ಭಾನುವಾರದ ಪುರವಣಿ ಓದಿ ಓದಿ ಕೆಟ್ಟವರಲ್ಲಿ ಇವರೂ ಒಬ್ಬರು. "ಅಮ್ಮಾ, ನಾಯಿಗೆ ಒಂದು ವರ್ಷ ಅಂದ್ರೆ ಮನುಷ್ಯರಿಗೆ ಏಳು ವರ್ಷ ಆದ ಹಾಗಂತೆ" ಎಂದರು.

"ಹಾಗಾದ್ರೆ ಇವಳಿಗೆ ಈಗ ಎಷ್ಟಾಯ್ತೋ?"

"ಒಂದು ವರ್ಷ ಆಗಿ ಮೇಲೆ ಮೂರು ತಿಂಗಳಾಯ್ತಲ್ಲ. ಎಂಟು ದಾಟಿತು ಅಂತಿಟ್ಕೋ."

ಅತ್ತೆಯ ಕೈಯಲ್ಲಿದ್ದ ಹತ್ತಿ ಅಲ್ಲೇ ನಿಂತಿತು. "ಎಂಟು ದಾಟಿತೇ! ಮೊದಲೇ ಹೇಳಬಾರದೇನೋ? ಎಷ್ಟು ಏಕಾದಶಿ ಹೋಯ್ತೋ ಏನೋ, ಕೃಷ್ಣಾ!"

ನಮ್ಮಲ್ಲಿ ಏಕಾದಶಿಯ ಉಪವಾಸ ಎಂಟು ವರ್ಷದಿಂದ ಎಂಬತ್ತರವರೆಗೆ ಎಂದು ಲೆಕ್ಕ. ಅದಕ್ಕೆ ಮುಂಚೆ ಮಗು, ಆಮೇಲೆ ಮುದಿ, ಅವರಿಗೆ ರಿಯಾಯಿತಿ. ನಾನು ತಮಾಷೆ ಎಂದುಕೊಂಡೆ. ಮುಂದಿನ ಏಕಾದಶಿಯ ಬೆಳಿಗ್ಗೆ ನಾಯಿಯ ತಟ್ಟೆ ತೊಳೆದು ಬೋರಲು ಹಾಕಿತ್ತು. "ಅತ್ತೆ, ಏನಿದು? ಅದು ನಾಯಿ!"

"ನಾಯಿ ಅಂತ ನೋಡಬಾರದು ಅಂತ ಆಯಮ್ಮನೇ ಹೇಳಲಿಲ್ವೇನೇ ಸುಮಾ? ಮನೆ ಮಗಳು ಅಂದಮೇಲೆ ಮನೆಯ ಆಚಾರ ಬೇಡವೇ? ಉಂಡಾಡಿ ಮಾಡಿ ಬೆಳೆಸಲೇ?" ಎಂದರು. ಇದಕ್ಕೆ ಏನು ಹೇಳುತ್ತೀರಿ? ನೀರು ಇಟ್ಟಿದ್ದರು. ಸಂಜೆ ದೀಪ ಹಚ್ಚಿದ ಮೇಲೆ, ಹೊಸ ಉಪವಾಸ, ಪಾಪ ಎಂದು ಒಂದು ಬಟ್ಟಲು ಹಾಲಿಗೆ ಬಾಳೆಹಣ್ಣು ಕಿವಿಚಿ ಕೊಟ್ಟರು.

ನಮ್ಮ ಮನೆಯ ಏಕಾದಶಿಯ ನಿಜ ಸಂಗತಿ ನಿಮಗೆ ಮಾತ್ರ ಹೇಳುತ್ತೇನೆ. ನಮ್ಮ ಮನೆಯವರು ಅಂದು ಅಮ್ಮನಿಗೆ ನಮಸ್ಕಾರ ಮಾಡಿ, ಬಾಡಿದ ಮುಖ ಹೊತ್ತು ಹೊರಟು, ತ್ರಿಪ್ಲಿಕೇನಿನ ಒಂದು ಮೆಸ್ಸಿನಲ್ಲಿ ಸೊಂಟದ ಬೆಲ್ಟು ಸಡಿಲಿಸಿಕೊಂಡು ಉಣ್ಣುತ್ತಿದ್ದರು. ನಾನು ಆಫೀಸಿನ ಕ್ಯಾಂಟೀನಿನಲ್ಲಿ ಬೋಂಡಾ ತಿನ್ನುತ್ತಿದ್ದೆ. ತಲೆಸುತ್ತು ಬರುತ್ತದಲ್ಲ, ಅದಕ್ಕೆ. ವಿದ್ಯಾಳಿಗೆ ಓದುವ ಹುಡುಗಿ ಎಂದು ಉಪ್ಪಿಟ್ಟು. ಒಟ್ಟಿನಲ್ಲಿ ಆ ಮನೆಯಲ್ಲಿ ನೆಟ್ಟಗೆ ಏಕಾದಶಿ ಮಾಡುತ್ತಿದ್ದವರು ಇಬ್ಬರೇ, ಅತ್ತೆ ಮತ್ತು ಇವಳು.

ಗ್ರಹಚಾರ ನೋಡಿ. ಆಮೇಲೆ ಬಂದ ಏಕಾದಶಿ ಭಾನುವಾರ ಬಿತ್ತು. ಮೆಸ್ಸೂ ಇಲ್ಲ, ಕ್ಯಾಂಟೀನೂ ಇಲ್ಲ, ನಾವಿಬ್ಬರೂ ಅಪರೂಪಕ್ಕೆ ನಿಜವಾಗಿ ಉಪವಾಸವಿದ್ದು ಮೂಲೆಗೊಬ್ಬರು ಬಿದ್ದಿದ್ದೆವು. ವಿದ್ಯಾಳ ಉಪ್ಪಿಟ್ಟು ಆದಮೇಲೆ ಒಲೆ ಹಚ್ಚಿರಲಿಲ್ಲ. ನಾಯಿ ಸೆಖೆಗೆ ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು ನಾಲ್ಕು ಕಾಲೂ ಚಾಚಿ ಮಲಗಿತ್ತು. ಸತ್ತ ಹಾಗೇ ಕಾಣುತ್ತಿತ್ತು. ಅಂಥ ಹೊತ್ತಿನಲ್ಲಿ ಗೇಟು ಕಿರ್ರೆಂದು, ವಸಂತಾ ಮೇಡಂ ಒಳಗೆ ಬಂದರು. ಬೋರಲು ಹಾಕಿದ ತಟ್ಟೆ ನೋಡಿದರು, ನಾಯಿಯನ್ನು ನೋಡಿದರು, ನಮ್ಮ ಮುಖಗಳನ್ನು ನೋಡಿದರು. ಇವತ್ತು ಇವಳಿಗೆ ಏನು ಹಾಕಿದಿರಿ ಎಂದರು.

ನಾನು ಒಂದು ಸುಳ್ಳು ಹುಡುಕುವಷ್ಟರಲ್ಲಿ ನಮ್ಮ ಸತ್ಯವಂತೆ ಮಗಳು ಬಾಯಿಬಿಟ್ಟಳು. "ಅವ ಇನ್ನಿಕ್ಕು ಸಾಪ್ಪಡಮಾಟ್ಟಾ ಆಂಟಿ. ಏಕಾದಸಿ."

ಇವತ್ತು ಅವಳು ಊಟ ಮಾಡುವುದಿಲ್ಲವಂತೆ! ಮೇಡಂ ಕೆಂಪಾದರು. ನಿಮ್ಮ ಪುಣ್ಯಕ್ಕೆ ಮೂಕಪ್ರಾಣಿಯ ಹೊಟ್ಟೆಗೆ ಹೊಡೆಯುತ್ತೀರಾ, ನೀವೆಲ್ಲ ಓದಿದವರಾ ಎಂದು ಕೂಗಾಡಿದರು. ಅತ್ತೆ ಜಪಮಣಿ ಕೆಳಗಿಟ್ಟು ಎದ್ದು ಬಂದು, "ಮನೆ ಮಗಳ ಹಾಗೆ ಅಂದ್ರಲ್ಲಮ್ಮ! ಮನೆ ಮಗಳಿಗೆ ಏಕಾದಶಿ ಇಲ್ವೇ?" ಎಂದು ಕೇಳಿ ಮಗನ ಕಡೆ ತಿರುಗಿದರು, ತಮಿಳಿನಲ್ಲಿ ಹೇಳು ಎಂದು. ಮಗರಾಯರು ಚಾವಣಿ ನೋಡುತ್ತ ನಿಂತಿದ್ದರು. ಆ ಪ್ರಶ್ನೆ ಮೇಡಂ ಕಿವಿಗೆ ಮುಟ್ಟಲೇ ಇಲ್ಲ. ಅವರು ನಾಯಿಯ ಕೊರಳಿಗೆ ಹಗ್ಗ ಹಾಕಿ ಎಳೆದರು. ಅದು ಹೊಸ್ತಿಲಲ್ಲಿ ಒಮ್ಮೆ ತಿರುಗಿ ಅತ್ತೆಯನ್ನು ನೋಡಿತು. ವ್ಯಾನು ಹೊರಟಿತು, ವಿದ್ಯಾ ಬೀದಿಯ ತುದಿಯವರೆಗೆ ಓಡಿದಳು. ಪೀಡೆ ತೊಲಗಿತು ಎಂದುಕೊಳ್ಳಬೇಕಾಗಿದ್ದ ನಾನು ಆ ಬೋರಲು ತಟ್ಟೆಯನ್ನು ನೋಡಲಾರದೆ ಒಳಗೆ ಹೋದೆ.

ಮರುದಿನ ದ್ವಾದಶಿ. ಏಕಾದಶಿ ಬಿಡುವುದಕ್ಕಿಂತ ದೊಡ್ಡ ಪಾಪ ದ್ವಾದಶಿಯ ಪಾರಣೆ ತಪ್ಪಿಸುವುದು. ತಿಥಿ ಮುಗಿಯುವುದರೊಳಗೆ ಊಟ ಮಾಡಿ ಉಪವಾಸ ಬಿಡಲೇಬೇಕು, ಇಲ್ಲದಿದ್ದರೆ ಮಾಡಿದ ಏಕಾದಶಿ ನೀರುಪಾಲು. ಅತ್ತೆ ಎಂಥ ಜ್ವರದಲ್ಲೂ ತಪ್ಪಿಸಿದವರಲ್ಲ. ನಾನು ಕತ್ತಲಲ್ಲೇ ಎದ್ದು, ಗೊಣಗುತ್ತ, ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ, ಅನ್ನ, ತೊವ್ವೆ ಎಲ್ಲ ಮಾಡಿ ಎಲೆ ಹಾಕಿದೆ. ಅತ್ತೆ ಪೂಜೆ ಮುಗಿಸಿದರು, ನಮಗೆಲ್ಲ ತೀರ್ಥ ಕೊಟ್ಟರು. ಎಲೆಯ ಮುಂದೆ ಕೂರಲಿಲ್ಲ. ಒಂದು ಸ್ಟೀಲ್ ಡಬ್ಬಿ ತೆಗೆದು ಅದಕ್ಕೆ ಮೊಸರನ್ನ ಕಲಸಿ ತುಂಬಿದರು.

"ಅತ್ತೆ, ಹೊತ್ತಾಗುತ್ತೆ. ಇವತ್ತು ದ್ವಾದಶಿ ಬೇಗ ಮುಗಿದುಹೋಗುತ್ತೆ."

"ಉಪವಾಸ ಮಾಡಿಸಿದವಳು ನಾನು, ಪಾರಣೆ ಮಾಡಿಸಬೇಕಾದವಳೂ ನಾನೇ. ಅದನ್ನ ಬರೀ ಹೊಟ್ಟೆಯಲ್ಲಿ ಮನೆಯಿಂದ ಕಳಿಸಿ ನಾನು ಉಣ್ಣಲೇ? ಗಂಟಲಲ್ಲಿ ಇಳಿಯುತ್ಯೇನೇ?" ಎಂದು ಡಬ್ಬಿಯ ಮುಚ್ಚಳ ಒತ್ತಿದರು. "ಆಟೋ ಕರೀರಿ."

ಅತ್ತೆ ನಮ್ಮಲ್ಲಿಗೆ ಬಂದ ಮೇಲೆ ಮಠಕ್ಕಲ್ಲದೆ ಇನ್ನೆಲ್ಲಿಗೂ ಹೋದವರಲ್ಲ. ನಾನು, ಅತ್ತೆ, ವಿದ್ಯಾ ಒಂದು ಆಟೋದಲ್ಲಿ ತೂರಿಕೊಂಡೆವು. ನಮ್ಮ ಮನೆಯವರಿಗೆ ಬ್ಯಾಂಕಿನಲ್ಲಿ ತುಂಬಾ ಮುಖ್ಯವಾದ ಕೆಲಸವಿತ್ತು. ಅವರಿಗೆ ಇಂಥ ದಿನಗಳಲ್ಲಿ ಯಾವಾಗಲೂ ಇರುತ್ತದೆ. ಎಣ್ಣೂರಿನ ರಸ್ತೆ ನಿಮಗೆ ಗೊತ್ತಲ್ಲ. ಬಂದರಿಗೆ ಹೋಗುವ ಕಂಟೇನರ್ ಲಾರಿಗಳು ಒಂದರ ಹಿಂದೊಂದು ನಿಂತುಬಿಟ್ಟರೆ ಡ್ರೈವರುಗಳು ಕೆಳಗೆ ಚಾಪೆ ಹಾಸಿ ಮಲಗುತ್ತಾರೆ. ನಮ್ಮ ಆಟೋ ಅವುಗಳ ಸಂದಿಯಲ್ಲಿ ಇಲಿಯ ಹಾಗೆ ನುಸುಳಿತು, ಸಿಕ್ಕಿಕೊಂಡಿತು, ಮತ್ತೆ ನುಸುಳಿತು. ಮೀನಿನ ವಾಸನೆ, ಕಲ್ಲಿದ್ದಲ ಪುಡಿ, ಡೀಸೆಲ್ ಹೊಗೆ. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಡಬ್ಬಿಯನ್ನು ಎದೆಗೊತ್ತಿಕೊಂಡು, ಬಾಯಿ ಮುಚ್ಚಿದ ನೀರಿನ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಹಿಂದಿನ ದಿನದಿಂದ ಆ ಹೊಟ್ಟೆಗೆ ತೀರ್ಥ ಬಿಟ್ಟು ಏನೂ ಬಿದ್ದಿರಲಿಲ್ಲ.

ಆಶ್ರಯದ ಬಾಗಿಲಲ್ಲಿ ನಮ್ಮನ್ನು ನೂರಾರು ನಾಯಿಗಳ ಬೊಗಳಿಕೆ ಎದುರುಗೊಂಡಿತು. ವಸಂತಾ ಮೇಡಂ ಸೊಂಟದ ಮೇಲೆ ಕೈಯಿಟ್ಟು ನಿಂತರು. ಅವರ ಹಿಂದಿನಿಂದ ಇವಳು ಹಗ್ಗ ಬಿಡಿಸಿಕೊಂಡು ಹಾರಿ ಬಂದು ಅತ್ತೆಯ ಸೀರೆಯ ಮೇಲೆ ಮುಂಗಾಲಿಟ್ಟಳು. ಮಡಿಗೆ ಅಲ್ಲಿಗೆ ಎಳ್ಳುನೀರು ಬಿಟ್ಟಂತಾಯಿತು. ಅತ್ತೆ ಅಲ್ಲೇ ಸಿಮೆಂಟಿನ ಕಟ್ಟೆಯ ಮೇಲೆ ಕೂತು ಡಬ್ಬಿ ಬಿಚ್ಚಿದರು. ನಿನ್ನೆ ರಾತ್ರಿಯೇ ಕೋಳಿ ಅನ್ನ ಹಾಕಿದ್ದೇನೆ, ಚೆನ್ನಾಗಿ ತಿಂದು ಮಲಗಿದಳು ಎಂದರು ಮೇಡಂ. ಏಕಾದಶಿಯ ದಿನ ಕೋಳಿ! ನಾನು ಇದನ್ನು ಅತ್ತೆಗೆ ಹೇಳುವುದೋ ಬೇಡವೋ ಎಂದು ಒದ್ದಾಡುತ್ತಿರುವಾಗ ನಾಯಿ ಮೊಸರನ್ನವನ್ನೂ ಒಂದು ಅಗುಳು ಬಿಡದೆ ಬಳಿದು ಡಬ್ಬಿ ನೆಕ್ಕಿತು. ಅತ್ತೆ ಅದರ ತಲೆ ಸವರುತ್ತ, "ಹಸಿದಿತ್ತು ಕೂಸು" ಎಂದರು. ಹಸಿದಿತ್ತಂತೆ! ಕೋಳಿಯ ಮಾತನ್ನು ನಾನು ನುಂಗಿಕೊಂಡೆ.

ಆಮೇಲೆ ವಾದ ಶುರುವಾಯಿತು. ವಿದ್ಯಾಳದೇ ಮಧ್ಯಸ್ಥಿಕೆ. 'ಇವಳಿಗೆ ಇನ್ನು ಉಪವಾಸ ಗಿಪವಾಸ ಕೂಡದು' ಎಂಬ ಮೇಡಂ ಮಾತನ್ನು ವಿದ್ಯಾ ಮುರುಕು ಕನ್ನಡದಲ್ಲಿ ಅಜ್ಜಿಗೆ ಹೇಳಿದಳು. ಅವಳ ಬಾಯಿಂದ ಅಷ್ಟುದ್ದ ಕನ್ನಡ ನಾನು ಕೇಳಿದ್ದು ಅದೇ ಮೊದಲು. ಅತ್ತೆ ಖಾಲಿ ಡಬ್ಬಿಗೆ ಮುಚ್ಚಳ ಹಾಕಿದರು.

"ಬೇಡ ಅಂದ್ರೆ ಬೇಡ. ಇವಳ ಏಕಾದಶೀನೂ ಸೇರಿಸಿ ನಾನೇ ಮಾಡ್ತೀನಿ ಅಂತ ಹೇಳೇ."

ವಿದ್ಯಾ ಅದನ್ನು ತಮಿಳಿಗೆ ತಿರುಗಿಸಿ, ತಾನಾಗಿ ಒಂದು ಬಾಲಂಗೋಚಿ ಸೇರಿಸಿದಳು. ಪಾಟಿ ನಿನ್ನೆಯಿಂದ ಏನೂ ತಿಂದಿಲ್ಲ, ಇವತ್ತು ಪಾರಣೆಯನ್ನೂ ಮಾಡಿಲ್ಲ ಎಂದಳು.

ಮೇಡಂ ಮುಖ ಬದಲಾಯಿತು. ಕೈಗಡಿಯಾರ ನೋಡಿಕೊಂಡರು. "ಪಾರಣೈ ಪಣ್ಣಲಿಯಾ ಮಾಮಿ?" ಪಾರಣೆ ಮಾಡಲಿಲ್ಲವೇ ಎಂದು ಅತ್ತೆಯನ್ನೇ ಕೇಳಿದರು. ಕತ್ತರಿಸಿದ ಕೂದಲಿನ ಆ ಹೆಂಗಸು ಎಂಥ ಮಡಿಯ ಮನೆಯಲ್ಲಿ ಹುಟ್ಟಿ ಬಂದವಳೆಂದು ನನಗೆ ಆ ಒಂದು ಮಾತಿನಲ್ಲಿ ಗೊತ್ತಾಯಿತು. ದ್ವಾದಶಿ ಇನ್ನೇನು ಮುಗಿಯುತ್ತದೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಕಡೆ ತಿರುಗಿ, ನಿನ್ನೆ ನಾಯಿಗಾಗಿ ಬೈದದ್ದಕ್ಕಿಂತ ಒಂದು ಮಟ್ಟ ಜೋರಾಗಿಯೇ ಬೈದರು. ವಯಸ್ಸಾದ ಜೀವವನ್ನು ಹೀಗೆ ಹಸಿವಿನಲ್ಲಿ ಬಿಸಿಲಿಗೆ ತಂದಿದ್ದೀಯಲ್ಲ, ನಿನಗೇನು ಬುದ್ಧಿ ಇದೆಯಾ? ನಾನು ಮಾಡಿದ ಅಡಿಗೆ ಅಂಬತ್ತೂರಿನಲ್ಲಿ ಎಲೆಯ ಮೇಲೆ ಒಣಗುತ್ತಿದೆ ಎಂದು ಯಾರಿಗೆ ಹೇಳಲಿ?

ಅಂಬತ್ತೂರು ತಲುಪುವ ಹೊತ್ತಿಗೆ ದ್ವಾದಶಿ ಇರುವುದಿಲ್ಲ. ಆಶ್ರಯದ ಅಡಿಗೆಮನೆಯಲ್ಲಿ ಇದ್ದದ್ದು ಹೊಟ್ಟೆ ಕೆಟ್ಟ ಮರಿಗಳಿಗೆಂದು ಬೇರೆ ಪಾತ್ರೆಯಲ್ಲಿ ಮಾಡಿದ ಮೊಸರನ್ನ. ಮೇಡಂ ಅದನ್ನೇ ಒಂದು ತಟ್ಟೆಗೆ ಹಾಕಿಸಿಕೊಂಡು ಬಂದು ಅತ್ತೆಯ ಮುಂದೆ ಇಟ್ಟರು. "ಇದನ್ನು ನನ್ನ ಕಣ್ಣೆದುರಿಗೆ ಊಟ ಮಾಡಲಿ. ತಾವೇ ಉಣ್ಣದವರ ಮನೆಗೆ ನನ್ನ ನಾಯಿಯನ್ನು ಕಳಿಸುವುದಿಲ್ಲ" ಎಂದು ವಿದ್ಯಾಳ ಕೈಯಲ್ಲಿ ಹೇಳಿಸಿದರು.

ನಾನು, "ಬೇಡ ಅತ್ತೆ, ಏಳಿ, ಹೋಗೋಣ. ನಾಯಿಗಾಗಿ ಇದೆಲ್ಲ ಯಾಕೆ" ಎಂದೆ. ಅತ್ತೆ ಆ ತಟ್ಟೆಯನ್ನು ನೋಡಿದರು. ಯಾರು ಬೇಯಿಸಿದರೋ, ಯಾವ ಕೈಯೋ, ಯಾವ ಪಾತ್ರೆಯೋ. ಎಪ್ಪತ್ತು ವರ್ಷ ಕಾಪಾಡಿಕೊಂಡು ಬಂದದ್ದೆಲ್ಲ ಅಲ್ಲಿ ಬಾಗಿಲಿನಾಚೆ ನಿಂತಿತ್ತು. ಇವಳು ಅವರ ಪಾದದ ಮೇಲೆ ಗಲ್ಲ ಇಟ್ಟು ಮಲಗಿದ್ದಳು. ಅತ್ತೆ ತಮ್ಮ ತಂಬಿಗೆಯ ನೀರಿನಿಂದ ಕೈ ತೊಳೆದರು, ಕಣ್ಣು ಮುಚ್ಚಿ "ಕೃಷ್ಣಾರ್ಪಣ" ಎಂದರು, ಮತ್ತು ಉಂಡರು. ಅವಸರವಿಲ್ಲದೆ, ಮನೆಯಲ್ಲಿ ಉಣ್ಣುವ ಹಾಗೆಯೇ, ತಟ್ಟೆ ಖಾಲಿಯಾಗುವವರೆಗೆ. ನನಗೆ ಅಳು ಬಂತು. ಇಷ್ಟು ಹೊತ್ತು ಎಲ್ಲರನ್ನೂ ಆಡಿಕೊಂಡವಳು ನಾನು, ಇದರಲ್ಲಿ ಸುಳ್ಳೇಕೆ ಹೇಳಲಿ, ಕಂಬಕ್ಕೆ ಮುಖ ಮಾಡಿ ಚೆನ್ನಾಗಿ ಅತ್ತುಬಿಟ್ಟೆ.

ಕೊನೆಯ ತುತ್ತು ನುಂಗಿ ಅತ್ತೆ ಮುಖ ಸಿಂಡರಿಸಿದರು. "ಥೂ, ಅನ್ನಕ್ಕೆ ಒಂದು ಹರಳು ಉಪ್ಪಿಲ್ಲ."

"ಎನ್ನ ಸೊಲ್ರಾಂಗ?" ಏನು ಹೇಳುತ್ತಿದ್ದಾರೆ ಎಂದು ಮೇಡಂ ಆತುರದಿಂದ ಕೇಳಿದರು.

ವಿದ್ಯಾ ಅಜ್ಜಿಯನ್ನೂ ನನ್ನನ್ನೂ ನೋಡಿ, "ರೊಂಬ ನಲ್ಲಾ ಇರುಂದುದಾಂ" ಎಂದಳು. ತುಂಬಾ ಚೆನ್ನಾಗಿತ್ತಂತೆ.

ಅಷ್ಟು ತಮಿಳು ಅತ್ತೆಗೂ ಅರ್ಥವಾಗುತ್ತಿತ್ತು. ಮೊಮ್ಮಗಳನ್ನು ಒಮ್ಮೆ ದುರುಗುಟ್ಟಿ ನೋಡಿ, ಮಂಡಿಗೆ ಕೈಯೂರಿ ಎದ್ದು ನಿಂತು, ನಾಯಿಗೆ ಹೇಳಿದರು: "ಉಪ್ಪಿಲ್ಲದ ಊರಲ್ಲಿ ಒಂದು ರಾತ್ರಿ ಹೇಗೆ ಕಳೆದ್ಯೇ ಇವಳೇ? ಏಳು, ಮನೆಗೆ ಹೋಗೋಣ."